ಕುಣಿಯೊಳಗಿನ ಬೆಂಕಿ, ಅಂಗಳದ ಬೆಂಕಿ

ರಾಯಚೂರಿನಿಂದ ವಾಡಿಯ ಕಡೆಗೆ ಹೊರಟ ರೈಲು ನದಿಯ ಸೇತುವೆಯನ್ನು ದಾಟಿದೊಡನೆ ಕೃಷ್ಣಾ ನಿಲ್ದಾಣ ಬರುತ್ತದೆ. ನದಿಯ ಹೆಸರೇ ಊರಿನ ಹೆಸರು. ಆಡಳಿತ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯದು, ಮಾತು ಕನ್ನಡ. ಆಚೆ ದಂಡೆಯಲ್ಲಿ ಶಕ್ತಿನಗರದ ವಿದ್ಯುತ್ ಕೇಂದ್ರದ ಎತ್ತರದ ಚಿಮಣಿಗಳು. ಈಚೆ ದಂಡೆಯ ಹೊಗೆ ಚಿಕ್ಕದು: ಚಳಿಗಾಲದ ನಸುಕಿನಲ್ಲಿ ಅಂಗಳದಲ್ಲಿ ಹಚ್ಚಿದ ಬೆಂಕಿ, ಹಿತ್ತಲಲ್ಲಿ ಸುಡುವ ಕಸ.

ಈ ಸೀಮೆಗೆ ಬೆಂಕಿಯ ಕುಣಿ ಹೊಸದಲ್ಲ. ಮೊಹರಮ್ಮಿನಲ್ಲಿ ಅಲಾಯಿ ದೇವರನ್ನು ಕೂಡಿಸುವ ಸ್ಥಳದ ಮುಂದೆ ಗುದ್ದಲಿ ಹಾಕಿ ಕುಣಿ ತೋಡುತ್ತಾರೆ. ಹಿಂದೂ, ಮುಸಲ್ಮಾನರೆನ್ನದೆ ಅದರ ಸುತ್ತ ಹೆಜ್ಜೆ ಹಾಕುತ್ತಾರೆ. ಹಬ್ಬ ಮುಗಿದ ಮೇಲೆ ಮಣ್ಣೆಳೆದು ಮುಚ್ಚುತ್ತಾರೆ. ಸ್ಥಳ ಗೊತ್ತಾದದ್ದು, ಉರುವಲು ಕಟ್ಟಿಗೆ, ಸುತ್ತ ಊರ ಜನ, ಕೊನೆಗೆ ಮಣ್ಣು. ಬರೆಯದ ಈ ಕಟ್ಟಳೆ ಹಿರಿಯರದು.

ಬರೆದ ಕಾನೂನು ಕೇಳುವುದೂ ಬಹುಮಟ್ಟಿಗೆ ಇದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 287ನೆಯ ಕಲಮಿನಂತೆ, ನಿರ್ಲಕ್ಷ್ಯದಿಂದ ಬೆಂಕಿ ಬಳಸಿ ಪರರ ಜೀವಕ್ಕೆ ಅಪಾಯ ಒಡ್ಡುವುದು ಅಪರಾಧ. ತಾನು ಹಚ್ಚಿದ ಬೆಂಕಿಯಿಂದ ಜೀವಾಪಾಯವಾಗದಂತೆ ತಕ್ಕ ಎಚ್ಚರ ವಹಿಸದಿರುವುದೂ ಅಪರಾಧವೇ. ಆರು ತಿಂಗಳವರೆಗೆ ಸೆರೆ, ಇಲ್ಲವೆ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಣವೆಯ ಮಗ್ಗುಲಲ್ಲಿ ಚಳಿ ಕಾಯಿಸಿಕೊಂಡು, ಕೆಂಡವನ್ನು ಹಾಗೆಯೇ ಬಿಟ್ಟು ಏಳುವವರು ನೆನಪಿಡಬೇಕಾದ ಮಾತಿದು. ಗಾಳಿ ಬೀಸಿದಾಗ ಆ ಕೆಂಡದ ಬಳಿ ಆಡುತ್ತಿರುವುದು ಯಾರದೋ ಮನೆಯ ಮಗು.

ಕಸದ ಬೆಂಕಿಯ ವಿಚಾರ ಬೇರೆ. 2016ರ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ತ್ಯಾಜ್ಯ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸುಟ್ಟವರು 5,000 ರೂಪಾಯಿ, ಭಾರೀ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಸರ ಪರಿಹಾರ ತೆರಬೇಕು. ಹಿಂದೆ ಹಿತ್ತಲ ಕಸವೆಂದರೆ ಎಲೆ, ಕಡ್ಡಿ, ಸಗಣಿ. ಅದು ತಿಪ್ಪೆ ಸೇರಿ ಗೊಬ್ಬರವಾಗುತ್ತಿತ್ತು. ಇಂದು ಅದರೊಡನೆ ಪ್ಲಾಸ್ಟಿಕ್ ಚೀಲ, ಹಳೆಯ ಟೈರು ಬೆರೆತಿವೆ. ಅವನ್ನು ಸುಟ್ಟರೆ ಏಳುವ ವಿಷದ ಹೊಗೆ ಮೊದಲು ತಟ್ಟುವುದು ಎಳೆಯ ಶ್ವಾಸಕೋಶಗಳಿಗೆ. ಕಟ್ಟಿಗೆಯ ಬೆಂಕಿಗೂ ಈ ಬೆಂಕಿಗೂ ಇರುವ ಅಂತರವನ್ನು ಮಕ್ಕಳಿಗೆ ಮನೆಯಲ್ಲಿಯೇ ಹೇಳಿಕೊಡಬಹುದು.

ನದಿ ಎರಡು ರಾಜ್ಯಗಳನ್ನು ಬೇರ್ಪಡಿಸಿದೆ. ಈ ಕಾನೂನನ್ನು ಬೇರ್ಪಡಿಸಿಲ್ಲ. ಶಕ್ತಿನಗರದಲ್ಲಿ ತಪ್ಪಾದದ್ದು ಕೃಷ್ಣೆಯಲ್ಲಿಯೂ ತಪ್ಪೇ. ಅಲಾಯಿ ಕುಣಿಯನ್ನು ಮುಚ್ಚದೆ ಹಬ್ಬ ಮುಗಿಯದು. ಅಂಗಳದ ಬೆಂಕಿಗೂ ಒಂದು ಕೊಡ ನೀರು, ಒಂದು ಬುಟ್ಟಿ ಮಣ್ಣು ಬಿದ್ದ ಮೇಲೆಯೇ ಏಳುವುದು ಲೇಸು.