ನೀರು ನಿಲ್ಲದ ಗಾಡಿ

ಗಾಡಿ ನಮ್ಮದು ಅಂದರೆ ಊರಲ್ಲಿ ಯಾರೂ ನಂಬಲಿಲ್ಲ. ಒಂದು ತಿಂಗಳು ನಾವೂ ನಂಬಲಿಲ್ಲ. ಚೀಟಿ ಎತ್ತಿ, ಅಕ್ಕನ ಓಲೆ ಅಡವಿಟ್ಟು, ಉಳಿದದ್ದಕ್ಕೆ ಬಡ್ಡಿ ಸಾಲ ಮಾಡಿ 2019ರಲ್ಲಿ ತಂದ ಹಳೇ ಪಿಕಪ್ಪು ಅದು. ನಮ್ಮ ಕೈಗೆ ಬರುವ ಹೊತ್ತಿಗೇ ಮೂವರು ಮಾಲೀಕರನ್ನು ಕಂಡಿತ್ತು. ನಾವು ಎಂದರೆ ಮೂರು ಜನ: ಅಣ್ಣ, ತಮ್ಮ, ಚಿಕ್ಕಪ್ಪನ ಮಗ. ಇದನ್ನು ಬರೆದವರು ಮೂವರಲ್ಲಿ ಯಾರು ಎಂದು ಕೇಳಬೇಡಿ. ಗಾಡಿ ಮೂವರದು, ಸಾಲ ಮೂವರದು, ಕೈಗೆ ಹತ್ತಿದ ಮಸಿಯೂ ಮೂವರದು.

ಕೋಲಾರದ ಮಂಡಿಗೆ ಟೊಮ್ಯಾಟೊ ಸಾಗಿಸುವುದು ನಮ್ಮ ಕೆಲಸ. ತೋಟ ಬೇರೆಯವರದು, ಹಣ್ಣು ಬೇರೆಯವರದು, ಬಾಡಿಗೆ ಮಾತ್ರ ನಮ್ಮದು. ಹರಾಜಿನ ಹೊತ್ತಿಗೆ ಮಂಡಿ ಮುಟ್ಟದಿದ್ದರೆ ಆ ಬಾಡಿಗೆಯಲ್ಲೂ ಮುರಿದುಕೊಳ್ಳುತ್ತಾರೆ. 2023ರ ಜುಲೈನಲ್ಲಿ 15 ಕೆ.ಜಿ. ಕ್ರೇಟೊಂದು 2,000 ರೂಪಾಯಿ ದಾಟಿದಾಗ ಹಣ್ಣಿನ ಕಾವಲಿಗೆ ಗಾಡಿಯ ಹಿಂದೆ ಆಳು ಕೂತ. ಬಾಡಿಗೆ ಹಳೇದೇ. ಆ ಮಾತು ಇರಲಿ, ಈಗ ಹೇಳಬೇಕಾದದ್ದು ನೀರಿನ ಮಾತು.

2024ರ ಬೇಸಿಗೆಗೆ ಮುಂಚೆ ಗಾಡಿ ನಿಂತ ಜಾಗದಲ್ಲಿ ಬೆಳಿಗ್ಗೆ ಅಂಗೈಯಗಲ ಒದ್ದೆ ಕಾಣಿಸಿತು. ಹದಿನೈದು ದಿನಕ್ಕೆ ಅದು ಚೊಂಬು ನೀರಾಯಿತು. ರೇಡಿಯೇಟರ್ ಸೋರುತ್ತಿತ್ತು. ಇಂಜಿನ್ನಿನ ಕಾವನ್ನು ಹೊತ್ತ ನೀರು ಮೇಲಿನ ಹೋಸಿನಿಂದ ರೇಡಿಯೇಟರಿಗೆ ಬರುತ್ತದೆ, ಸಣ್ಣ ಸಣ್ಣ ಕೊಳವೆಗಳಲ್ಲಿ ಹಾಯುತ್ತಾ ಗಾಳಿಗೆ ಆರುತ್ತದೆ, ಕೆಳಗಿನ ಹೋಸಿನಿಂದ ಮತ್ತೆ ಇಂಜಿನ್ನಿಗೆ ಹೋಗುತ್ತದೆ. ಇಷ್ಟೇ ಅದರ ಸಂಸಾರ. ಆದರೆ ನೀರು ತಪ್ಪಿ ಓಡಿಸಿದರೆ ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಆಮೇಲೆ ಗಾಡಿ ಮಾರಿದರೂ ಸಾಲ ತೀರುವುದಿಲ್ಲ.

ಎಲ್ಲ ಡ್ರೈವರುಗಳೂ ಮಾಡುವುದನ್ನು ನಾವೂ ಮಾಡಿದೆವು. ಅರಿಶಿನದ ಪುಡಿ ಸುರಿದೆವು. ಪುಡಿ ಹೋಗಿ ತೂತಿಗೆ ಕೂತು ನಾಲ್ಕು ದಿನ ಸೋರಿಕೆ ನಿಂತಿತು. ಅಮ್ಮ ನಕ್ಕಳು: "ಗಾಡಿಗೂ ಅರಿಸಿನ ಇಕ್ಕಿದ್ರೇನ್ರೋ? ಮದುವೆ ಯಾವಾಗ?" ಆದರೆ ಆ ಪುಡಿ ತೂತಿಗೆ ಮಾತ್ರ ಕೂರುವುದಿಲ್ಲ, ಒಳಗಿನ ಕೊಳವೆಗಳಿಗೂ ಕೂರುತ್ತದೆ. ಎರಡು ಸಾರಿ ಬೆಸುಗೆ ಹಾಕಿಸಿದೆವು. ಬೆಸುಗೆಯವನು ಮೂರನೇ ಸಾರಿ ಕೈ ಆಡಿಸಿಬಿಟ್ಟ. "ಒಳಗೆಲ್ಲಾ ಸುಣ್ಣ ಕಟ್ಟೈತೆ. ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಒಡೀತದೆ."

ಸುಣ್ಣ ಎಲ್ಲಿಂದ ಬಂತು? ನಮ್ಮ ಬೋರ್‌ವೆಲ್ ನೀರಿನಿಂದ. ಆ ನೀರು ಕುದ್ದ ಕಡೆಯೆಲ್ಲ ಬಿಳಿ ಹೊಪ್ಪಳೆ ಬಿಡುತ್ತದೆ, ಅಮ್ಮನ ಹಂಡೆಯಲ್ಲೂ ಬೆರಳು ದಪ್ಪ ಕಟ್ಟಿದೆ. ಐದು ವರ್ಷ ಇದೇ ನೀರು ಕುಡಿದ ರೇಡಿಯೇಟರ್ ಸತ್ತಿತು. ಇದೇ ನೀರನ್ನು ನಮ್ಮ ಜನ ಅದಕ್ಕಿಂತ ಹೆಚ್ಚು ವರ್ಷ ಕುಡಿದಿದ್ದಾರೆ. ಇದರಲ್ಲಿ ಫ್ಲೋರೈಡೂ ಇದೆ. ಕೇರಿಯ ಮಕ್ಕಳ ಹಲ್ಲಿನ ಕಂದು ಗೆರೆ ನೋಡಲು ಲ್ಯಾಬು ಬೇಕಿಲ್ಲ.

ಇಷ್ಟಾದರೂ ಸೋರುವ ಗಾಡಿಯನ್ನೇ ಓಡಿಸುತ್ತಿದ್ದೆವು. ಹಿಂದೆ ಎರಡು ಕ್ಯಾನು ನೀರು, ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸು, ಹುಯ್ಯಿ, ಹೊರಡು. ಏಪ್ರಿಲ್ಲಿನ ಒಂದು ಮಧ್ಯಾಹ್ನ ಎರಡು ಕ್ಯಾನೂ ಮುಗಿದವು. ಸೂಜಿ ಕೆಂಪಿಗೆ ಹೋಯಿತು. ಒಂದು ಊರ ಬಾಗಿಲಲ್ಲಿ ನಿಲ್ಲಿಸಿ, ತಮ್ಮ ಅವಸರಪಟ್ಟು ಟವೆಲ್ಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ತಪ್ಪು ಅವನದೇ. ಮುಚ್ಚಳ ಬಿಗಿಯಾಗಿರುವಾಗ ಒಳಗೆ ಒತ್ತಡವಿರುತ್ತದೆ, ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ಬಿಟ್ಟ ಗಳಿಗೆ ಅಷ್ಟೂ ಒಟ್ಟಿಗೆ ಉಕ್ಕಿ ಬರುತ್ತದೆ. ಮೊಣಕೈ ತನಕ ಬೆಂದುಹೋಯಿತು.

ಎದುರು ಮನೆಯ ಯಜಮಾನರು ಓಡಿಬಂದರು. ಕೆಟ್ಟ ಮನುಷ್ಯರಲ್ಲ. ತಾವೇ ಪೈಪು ಹಿಡಿದು ಸುಟ್ಟ ಕೈಗೆ ಬಹಳ ಹೊತ್ತು ನೀರು ಬಿಟ್ಟರು. ಕ್ಯಾನು ತುಂಬಿಸಿದರು. ಒಳಗಿನಿಂದ ಅವರ ಮನೆಯಾಕೆ ಚೊಂಬಿನಲ್ಲಿ ನೀರು ಹಿಡಿದು ಬರುತ್ತಿದ್ದರು. ಅಷ್ಟರಲ್ಲಿ ಯಜಮಾನರು ಕೇಳಿದರು: "ಯಾವೂರಪ್ಪಾ? ಯಾರ ಪೈಕಿ?" ಅಣ್ಣ ಊರು ಹೇಳಿದ, ಕೇರಿಯನ್ನೂ ಹೇಳಿದ. ಸುಳ್ಳು ಹೇಳುವುದನ್ನು ನಾವು ಬಿಟ್ಟು ಬಹಳ ವರ್ಷವಾಯಿತು. ಯಜಮಾನರು ಮಾತಾಡಲಿಲ್ಲ. ಆಕೆಯ ಕಡೆ ಒಮ್ಮೆ ನೋಡಿದರು ಅಷ್ಟೆ. ಚೊಂಬು ಅರ್ಧ ಅಂಗಳಕ್ಕೆ ಬಂದದ್ದು ಹಾಗೇ ಒಳಗೆ ಹೋಯಿತು. "ಕುಡಿಯಕ್ಕಾದ್ರೆ ಮುಂದೆ ಅಂಗಡಿ ಐತೆ, ಬಾಟ್ಲು ಸಿಕ್ತದೆ" ಅಂದರು.

ಗಾಡಿಗೆ ಬಾಯಾರಿಕೆ ತೀರಿತ್ತು.

ಆ ರಾತ್ರಿ ನಾವು ರೇಡಿಯೇಟರ್ ಬದಲಿಸುವುದೆಂದು ತೀರ್ಮಾನಿಸಿದೆವು. ಶೆಡ್ಡಿನವನು ಕೂಲಿ ಸೇರಿ 11,000 ಕೇಳಿದ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹುಡುಕಿದಾಗ 6,800ಕ್ಕೆ ಹೊಸದು ಸಿಕ್ಕಿತು. ಕೂಲಿಗೆ ಹೊರಗಿನವರು ಬೇಕಾಗಲಿಲ್ಲ. ಚಿಕ್ಕಪ್ಪನ ಮಗ ಶಾಲೆ ಬಿಟ್ಟ ಮೇಲೆ ಆರು ವರ್ಷ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ ಹುಡುಗನಾಗಿದ್ದ. ಎತ್ತಿಕೊಡುತ್ತಲೇ ಎಲ್ಲ ಕಲಿತಿದ್ದ. ಕಲಿಸಿದವರು ಯಾರೂ ಇಲ್ಲ.

ಭಾನುವಾರ ಬೆಳಿಗ್ಗೆ ಹುಣಿಸೆಮರದ ಕೆಳಗೆ ಗಾಡಿ ನಿಲ್ಲಿಸಿದೆವು. ರಾತ್ರಿಯೇ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟಿದ್ದೆವು. ಇಂಜಿನ್ ಪೂರ್ತಿ ಆರಿತ್ತು. ಬ್ಯಾಟರಿಯ ತಂತಿ ಕಳಚಿ, ಕೆಳಗೆ ಅಮ್ಮನ ಹಳೇ ಬೋಗುಣಿ ಇಟ್ಟು ನೀರು ಬಿಟ್ಟೆವು. ಬಂದದ್ದು ನೀರಲ್ಲ: ತುಕ್ಕು, ಅರಿಶಿನ, ಹಿಂದಿನ ಮಾಲೀಕ ಹಾಕಿದ್ದ ಹಸಿರು ಕೂಲೆಂಟಿನ ಉಳಿಕೆ. ನಾಯಿಮರಿ ಮೂಸಿ ನೋಡಿ ನಾಲಿಗೆ ಚಾಚಿತು. ಚಿಕ್ಕಪ್ಪನ ಮಗ ಅದನ್ನು ಒದ್ದೇ ಓಡಿಸಿದ. ಆ ಹಸಿರು ನೀರು ಸಿಹಿ ಇರುತ್ತದಂತೆ, ನಾಯಿ ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಚರಂಡಿಗೆ ಚೆಲ್ಲದೆ ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು ಅಟ್ಟದ ಮೇಲಿಟ್ಟೆವು.

ಫ್ಯಾನಿನ ಸುತ್ತಿನ ಗೂಡು ಬಿಚ್ಚಿದ್ದು ಸಲೀಸು. ಮೇಲಿನ ಹೋಸು ಬರಲಿಲ್ಲ. ರಬ್ಬರು ಹಿತ್ತಾಳೆಗೆ ಅಂಟಿ ಒಂದಾಗಿತ್ತು. ಅಣ್ಣ ಸ್ಕ್ರೂಡ್ರೈವರ್ ತೂರಿಸಿ ಮೀಟಲು ಹೋದ. ಜಗಲಿ ಮೇಲೆ ಬೀಡಿ ಸೇದುತ್ತಿದ್ದ ಅಪ್ಪ ಅಲ್ಲಿಂದಲೇ ಕೂಗಿದ: "ಎಳೀಬೇಡ್ರೋ, ಮೀಟಬೇಡ್ರೋ. ತಿರುಚ್ರಿ. ಒಣಗಿದ ತೊಗಲು ಎಳೆದ್ರೆ ಹರೀತದೆ, ತಿರುಚಿದ್ರೆ ಬಿಡ್ತದೆ."

ತಿರುಚಿದೆವು. ಬಿಟ್ಟಿತು.

ಅಪ್ಪ ಎದ್ದು ಬಂದು ಬಗ್ಗಿ ನೋಡಿದ. ಮೇಲೊಂದು ಬಾಯಿ, ಕೆಳಗೊಂದು ಕೊಳವೆ. "ಇದು ಬಾನಿ ಅಲ್ವೇನೋ!" ಅಂದ. ಕಪಿಲೆಯ ತೊಗಲ ಬಾನಿಯ ಮಾತು. ಪಂಪ್‌ಸೆಟ್ಟು ಬರುವ ಮುಂಚೆ ನಮ್ಮ ಸೀಮೆಯ ಬಾವಿಗಳಲ್ಲಿ ನೀರೆತ್ತುತ್ತಿದ್ದುದು ಅದೇ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಮಿಣಿ ಎಳೆದು ಬಾನಿ ಮೇಲೆ ಬರುವುದು. ತಳದಲ್ಲಿ ಆನೆ ಸೊಂಡಿಲಿನ ಹಾಗೆ ಒಂದು ತೊಗಲ ಕೊಳವೆ, ಅದಕ್ಕೊಂದು ಸಣ್ಣ ಹಗ್ಗ. ಬಾನಿ ದಡಕ್ಕೆ ಬಂದಾಗ ಸೊಂಡಿಲು ತೊಟ್ಟಿಗೆ ಬಾಗಿ ನೀರು ಸುರಿಯುವುದು. ತಂಗಡಿ ತೊಗಟೆಯಲ್ಲಿ ಹದ ಮಾಡಿದ ತೊಗಲು, ಹರಳೆಣ್ಣೆ ಉಣಿಸಿ ಹೊಲಿದದ್ದು. ಹೊಲಿಯುತ್ತಿದ್ದವನು ನಮ್ಮ ತಾತ. ಸುತ್ತಲ ನಾಲ್ಕು ಊರಿನ ಬಾನಿ ಸೋರಿದರೆ ಅವನಿಗೇ ಕರೆ. ಬಾವಿಕಟ್ಟೆ ದೂರದಲ್ಲಿ ಕೂತು ಹೊಲಿದು, ನೀರು ತುಂಬಿಸಿ, ಒಂದು ತೊಟ್ಟೂ ಬೀಳದ್ದನ್ನು ತೋರಿಸಿ ಕೊಡಬೇಕಿತ್ತು. ಅದೇ ಬಾನಿಯಲ್ಲಿ ಎತ್ತಿದ ನೀರನ್ನು ಯಾರಾದರೂ ಮೇಲಿಂದ ಹುಯ್ದರೆ ಬೊಗಸೆಯೊಡ್ಡಿ ಕುಡಿಯಬೇಕಿತ್ತು. ಅವನು ಮುಟ್ಟಿ ಹೊಲಿದ ತೊಗಲಿನಿಂದ ಬಾವಿ ಮೈಲಿಗೆಯಾಗಲಿಲ್ಲ. ಅವನ ಚೊಂಬಿನಿಂದ ಆಗುತ್ತಿತ್ತು.

ಅಪ್ಪ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಹೊಲಿಗೆಯ ಚಂದ ಹೇಳುತ್ತಿದ್ದ. ಸಿಟ್ಟು ಬಂದದ್ದು ನಮಗೆ.

ಕೆಳಗಿನ ಹೋಸು ತಿರುಚಿದರೂ ಬರಲಿಲ್ಲ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದೆವು. ಹೋಸು ಹೇಗೂ ಹೊಸದು ತಂದಿದ್ದೆವು. ಹಳೇ ರೇಡಿಯೇಟರ್ ಮೇಲೆತ್ತಿದಾಗ ಅದರ ಜಾಲರಿ ತುಂಬ ಚಿಟ್ಟೆ, ಮಿಡತೆ, ಧೂಳು. ಹೊಸದನ್ನು ಪಕ್ಕದಲ್ಲಿಟ್ಟು ಅಳೆದೆವು. ಈ ಅಳತೆ ಮಾಡದೆ ಹಳೇದನ್ನು ಗುಜರಿಗೆ ಹಾಕಿ ಅತ್ತವರನ್ನು ಕಂಡಿದ್ದೇವೆ. ಕೊಳವೆಗಳು ಸರಿಯಿದ್ದವು, ಒಂದು ಬೋಲ್ಟಿನ ತೂತು ಮಾತ್ರ ಬೆರಳಗಲ ಆಚೆ. ಪಟ್ಟಿ ಕೊರೆದು, ಹಳೇ ಟೈರಿನ ತುಂಡನ್ನು ಮೆತ್ತೆ ಕೊಟ್ಟು ಕೂರಿಸಿದೆವು. ಹಳೇದು ತಾಮ್ರ ಹಿತ್ತಾಳೆಯದು, ಹೊಸದು ಅಲ್ಯೂಮಿನಿಯಮ್ಮು, ತೊಟ್ಟಿ ಎರಡೂ ಪ್ಲಾಸ್ಟಿಕ್ಕು. ಅಪ್ಪ ಉಗುರಿನಿಂದ ತಟ್ಟಿ ನೋಡಿ ಮುಖ ಸಿಂಡರಿಸಿದ. ಅವನ ಅನುಮಾನ ಸುಳ್ಳಲ್ಲ. ಪ್ಲಾಸ್ಟಿಕ್ಕಿನ ಡ್ರೈನ್ ಪ್ಲಗ್ಗನ್ನು ಸ್ಪ್ಯಾನರಿನಲ್ಲಿ ಬಿಗಿದರೆ ಒಡೆಯುತ್ತದೆ, ಕೈಯಲ್ಲೇ ಬಿಗಿಯಬೇಕು.

ಈ ಸಾರಿ ಬೋರ್‌ವೆಲ್ ನೀರು ಹಾಕಲಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನು ತಂದು ಕೂಲೆಂಟಿಗೆ ಸಮಸಮ ಬೆರೆಸಿದೆವು. ಅಮ್ಮ ಅದರ ಬೆಲೆ ಕೇಳಿ, "ಗಾಡಿಗೆ ಇಂಥಾ ನೀರು, ನಮ್ಗೆ ಆ ಉಪ್ಪುನೀರಾ?" ಅಂದಳು. ಉತ್ತರ ಯಾರಲ್ಲೂ ಇರಲಿಲ್ಲ. ನಿಧಾನವಾಗಿ ಹುಯ್ದೆವು. ಮುಚ್ಚಳ ಹಾಕದೆ ಇಂಜಿನ್ ಬಿಟ್ಟು, ಮೇಲಿನ ಹೋಸನ್ನು ಕೈಯಲ್ಲಿ ಹಿಸುಕಿದಾಗ ಗುಳುಗುಳು ಗಾಳಿ ಬಂತು, ನೀರು ಇಳಿಯಿತು, ಮತ್ತೆ ಹುಯ್ದೆವು. ಸ್ವಲ್ಪ ಹೊತ್ತಿಗೆ ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸು ಬಿಸಿಯಾಯಿತು. ಒಟ್ಟು 8 ಲೀಟರ್ ಚಿಲ್ಲರೆ ಹಿಡಿಯಿತು. ರಾತ್ರಿ ಗಾಡಿಯ ಕೆಳಗೆ ಹಳೇ ಪೇಪರು ಹಾಸಿ ಮಲಗಿದೆವು. ಬೆಳಿಗ್ಗೆ ಟಾರ್ಚು ಬಿಟ್ಟು ನೋಡಿದರೆ ಪೇಪರು ಒಣಗಿದ್ದು ಒಣಗಿದ ಹಾಗೇ ಇತ್ತು. ಅಪ್ಪನೂ ಬಂದು ಅದನ್ನು ಮುಟ್ಟಿ ನೋಡಿದ.

ಹಳೇದರ ತಾಮ್ರವನ್ನು ಗುಜರಿಯವನು ತೂಗಿ ಕೊಟ್ಟ ದುಡ್ಡು ಹೋಸು, ಕ್ಲಿಪ್ಪು, ಕೂಲೆಂಟಿನ ಖರ್ಚಿಗೆ ಸರಿಹೋಯಿತು. ತಮ್ಮನ ಕೈಯ ಕಲೆ ಉಳಿಯಿತು.

ಮುಂದಿನ ಲೋಡಿಗೆ ಅದೇ ದಾರಿ. ಆ ಊರು ಬಂದಾಗ ಮೂವರೂ ಸೂಜಿಯನ್ನೇ ನೋಡುತ್ತಿದ್ದೆವು. ಸೂಜಿ ನಡುಮಧ್ಯ ನಿಂತಿತ್ತು. ನಲ್ಲಿಯ ಮುಂದೆ ಯಾರೂ ಇರಲಿಲ್ಲ. ನಿಲ್ಲಿಸಲಿಲ್ಲ. ಮಂಡಿಯ ಗೇಟಿನ ಹತ್ತಿರ ಇನ್ನೊಂದು ಹಳೇ ಗಾಡಿ ಬಾನೆಟ್ಟು ಎತ್ತಿ ಹೊಗೆಯಾಡುತ್ತಾ ನಿಂತಿತ್ತು. ಹದಿನೆಂಟು ಇಪ್ಪತ್ತರ ಹುಡುಗ, ಟವೆಲ್ಲು ಕೈಗೆ ಸುತ್ತಿಕೊಳ್ಳುತ್ತಿದ್ದ. "ಅಣ್ಣಾ, ನೀರೈತಾ?" ಅಂದ. ಅಭ್ಯಾಸಬಲದಿಂದ ಎರಡು ಕ್ಯಾನೂ ಹಿಂದೆ ಹಾಗೇ ಇದ್ದವು. ಒಂದನ್ನು ಇಳಿಸಿ, ಮೊದಲು ಅವನಿಗೇ ಕುಡಿಯಲು ಕೊಟ್ಟೆವು.

"ಮುಚ್ಚಳ ಈಗ್ಲೇ ತೆಗೀಬೇಡ ಕಣಪ್ಪಾ. ಇನ್ನೂ ಅರ್ಧ ಗಂಟೆ ತಡಿ."