ಔದುಂಬರದ ಬೇರು, ಗಟಾರದ ಪೈಪು

ರೋಹಿಣಿ ಮಳೆ ಇನ್ನೂ ಹಿಡಿದಿಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೆಯ ಹಂಚಿನ ಮನೆ. ಪಕ್ಕದ ಸಂದಿಯಿಂದ ಹಿತ್ತಲಿಗೆ ಬನ್ನಿ, ಚಪ್ಪಲಿ ಕಾಲಲ್ಲೇ ಇರಲಿ. ಬಚ್ಚಲ ಜಾಳಿಗೆಯಿಂದ ಉಕ್ಕಿದ ಕರಿನೀರು ತುಳಸಿಕಟ್ಟೆಯ ತನಕ ಹರಿದಿದೆ. ಸಂಡಾಸಕ್ಕೆ ನೀರು ಸುರುವಿದರೆ ಗುಳುಗುಳು ಎಂದು ಮೇಲಕ್ಕೇ ಬರುತ್ತದೆ. ಕಂಪೌಂಡಿನ ಮೂಲೆಯಲ್ಲಿ ಔದುಂಬರ, ಕಾಂಡಕ್ಕೆ ಅಂಟಿಕೊಂಡೇ ಗೊಂಚಲು ಗೊಂಚಲು ಹಣ್ಣು. ಬುಡದಲ್ಲಿ ದತ್ತಾತ್ರೇಯನ ಸಣ್ಣ ಕಟ್ಟೆ. ಗುರುವಾರ ಬಂದರೆ ಇಲ್ಲಿ ಪ್ರದಕ್ಷಿಣೆ.

“ಗಿಡಾ ಕಡಸರಿ ಅಂತ ಎಲ್ಲಾರೂ ಹೇಳ್ಲಿಕ್ಕತ್ತಾರ,” ಎನ್ನುತ್ತಾರೆ ಮನೆಯ ಅಜ್ಜಿ. “ನನ್ನ ಕೈಲೆ ಆಗೂದಿಲ್ಲಪಾ.”

“ತಡೀರಿ ಅಮ್ಮಾರ, ಮೊದಲ ನೋಡೋಣು,” ಎಂದು ಗೌಂಡಿ ಹಾರಿ ಎತ್ತಿಕೊಳ್ಳುತ್ತಾರೆ.

ಮೊದಲ ಚೇಂಬರಿನ ಕಲ್ಲು ಸರಿಯುತ್ತಲೇ ಮೂಗು ಮುಚ್ಚಿಕೊಳ್ಳುತ್ತೀರಿ. ಸ್ವಲ್ಪ ಹೊತ್ತು ಎಲ್ಲರೂ ದೂರ ನಿಲ್ಲಬೇಕು, ಬೀಡಿ ಹಚ್ಚಕೂಡದು, ಒಳಗೆ ಮೀಥೇನ್ ಇರಬಹುದು. ಬಗ್ಗಿ ನೋಡಿದರೆ ಚೇಂಬರು ಬಾಯಿಮಟ ತುಂಬಿದೆ. ಗೇಟಿನ ಹತ್ತಿರದ ಎರಡನೆಯದರ ತಳ ಒಣಗಿದೆ. ಹಾಗಾದರೆ ಕಟ್ಟಿಕೊಂಡಿರುವುದು ಇವೆರಡರ ನಡುವಿನ 18 ಅಡಿಯಲ್ಲೇ.

ಒಣ ಚೇಂಬರಿನಿಂದ ಬಿದಿರಿನ ಸೀಳು ಒಳಗೆ ಹೋಗುತ್ತದೆ. ಸರಾಗವಾಗಿ ಹೋದದ್ದು ಒಂದು ಕಡೆ ನಿಂತು, ಒತ್ತಿದರೆ ಹಿಂದಕ್ಕೆ ಪುಟಿಯುತ್ತದೆ. ಗೌಂಡಿ ಅಲ್ಲಿಗೇ ಹೆಬ್ಬೆರಳಿಟ್ಟು ಸೀಳನ್ನು ಹೊರಗೆಳೆದು ನೆಲದ ಮೇಲೆ ಹಾಸುತ್ತಾರೆ. ತುದಿ ಔದುಂಬರದ ನೆರಳಿನಲ್ಲಿ ಬಂದು ನಿಲ್ಲುತ್ತದೆ, ಅದಕ್ಕೆ ಕಂದು ನಾರು ಸುತ್ತಿಕೊಂಡಿದೆ.

ಗುದ್ದಲಿ ಬೀಳುತ್ತದೆ. ಒಂದೂವರೆ ಅಡಿಯ ತನಕ ಒಣ ಗರಸು. ಅದರ ಕೆಳಗೆ ಮಣ್ಣು ಒಮ್ಮೆಲೇ ಕಪ್ಪಾಗಿ, ಹಿಡಿದರೆ ಮುದ್ದೆ ಕಟ್ಟುವಷ್ಟು ಹಸಿ. ಸುತ್ತಲ ನೆಲವೆಲ್ಲ ಬೇಸಿಗೆಗೆ ಬಿರಿದಿರುವಾಗ ಇಷ್ಟು ಜಾಗಕ್ಕೆ ಮಾತ್ರ ತಂಪು. ಔದುಂಬರಕ್ಕೆ ಗೊತ್ತಾಗಿದ್ದೂ ಇದೇ.

ಈಗ ಪೈಪು ಕಾಣುತ್ತದೆ. ಕಂದು ಹೊಳಪಿನ ಸ್ಟೋನ್‌ವೇರ್, ಎರಡೆರಡು ಅಡಿಯ ತುಂಡುಗಳು. ಒಂದರ ಬಾಯಿಗೆ ಇನ್ನೊಂದರ ತುದಿ ಕೂರಿಸಿ, ಸಂದಿಗೆ ಸೆಣಬಿನ ಹುರಿ ತುಂಬಿ, ಮೇಲೆ ಸಿಮೆಂಟು ಮೆತ್ತಿದ್ದಾರೆ. ಆ ಸಿಮೆಂಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಒಳಹೊಕ್ಕ ಬೇರು ಈಗ ಕಿರುಬೆರಳ ಗಾತ್ರ. ಸುತ್ತಿಗೆಯಿಂದ ಜಾಯಿಂಟು ಬಿಡಿಸಿ ಎಳೆದರೆ ಮೊಳದುದ್ದದ ಬೇರಿನ ಕಂತೆ ಬಿಚ್ಚಿದ ಜಡೆಯಂತೆ ಜಾರಿ ಹೊರಬರುತ್ತದೆ. ಎಳೆ ಎಳೆಯಲ್ಲೂ ಜಿಡ್ಡು, ತಲೆಗೂದಲು, ಶಾಂಪೂ ಚೀಟಿನ ಚೂರು.

ಬೇರು ಗಟ್ಟಿ ಪೈಪನ್ನು ಒಡೆದು ನುಗ್ಗುವುದು ಅಪರೂಪ. ಜಾಯಿಂಟು ಸೋರಿದಾಗ ಮಣ್ಣಿನಲ್ಲಿ ಪಸೆ ಹಬ್ಬುತ್ತದೆ, ಬೇರಿನ ತುದಿ ಆ ಪಸೆಯ ಕಡೆ ಬೆಳೆಯುತ್ತದೆ. ಒಳಗೆ ನೀರು, ಗಾಳಿ, ಗೊಬ್ಬರ ಮೂರೂ ಸಿಗುತ್ತವೆ. ಹಳ್ಳದ ದಂಡೆಯಲ್ಲಿ ಬೆಳೆಯುವ ಜಾತಿಯ ಔದುಂಬರಕ್ಕೆ ಇನ್ನೇನು ಬೇಕು? ಬೇರು ದಪ್ಪವಾದಂತೆ ಬಿರುಕು ಅಗಲವಾಗುತ್ತದೆ. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಸೇರಿ ಒಂದೇ ಪಾಲಿಕೆಯಾದರೂ ನೆಲ ಒಂದೇ ಆಗಲಿಲ್ಲ. ಹುಬ್ಬಳ್ಳಿಯ ಕಡೆ ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅಲ್ಲಿ ಜಾಯಿಂಟು ಕದಲಲು ಗಿಡವೇ ಬೇಕಿಲ್ಲ. ಜತೆಗೆ ನಳದ ನೀರು ಕೆಲವು ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ಜನ ಚರಿಗೆ ಲೆಕ್ಕದಲ್ಲಿ ನೀರು ಹಾಕುತ್ತಾರೆ. ಹರಿವು ಕಡಿಮೆಯಾದಷ್ಟೂ ಹೊಲಸು ಬೇರಿಗೆ ಸಿಕ್ಕಿ ನಿಲ್ಲುತ್ತದೆ.

ಅಷ್ಟರಲ್ಲಿ ಕಂಪೌಂಡಿನ ಆಚೆಯಿಂದ ಸಲಹೆಗಳು ಬರುತ್ತವೆ. ಮೈಲುತುತ್ತ ಸುರಿಯಿರಿ ಎನ್ನುತ್ತಾರೊಬ್ಬರು. ಅದು ತಾಗಿದಷ್ಟು ಬೇರನ್ನು ಸುಟ್ಟು, ಮುಂದೆ ಕೊಳಚೆ ಶುದ್ಧೀಕರಿಸುವ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ. ಆ್ಯಸಿಡ್ ಹಾಕಿದರೆ ಉಳಿದ ಸಿಮೆಂಟೂ ತಿಂದುಹೋಗುತ್ತದೆ. ಜೆಟ್ಟಿಂಗ್ ಗಾಡಿ ದಾರಿ ಬಿಡಿಸುತ್ತದೆ ನಿಜ, ಆದರೆ ಕತ್ತರಿಸಿದ ಬೇರು ಮತ್ತೆ ಕವಲೊಡೆದು ಬರುತ್ತದೆ.

“ಒಬ್ಬ ಹುಡುಗನ್ನ ಕರಸ್ರಿ, ರಸ್ತೆ ಮ್ಯಾನ್‌ಹೋಲಿನ್ಯಾಗ ಇಳದು ತಗೀತಾನ,” ಎನ್ನುತ್ತಾರೆ ಮತ್ತೊಬ್ಬರು.

ಗೌಂಡಿಯ ದನಿ ಏರುತ್ತದೆ. “ಯಾರೂ ಇಳಿಯೂದು ಬ್ಯಾಡ. ಅದು ಪಾಲಿಕೆ ಕೆಲಸ, ಮಶಿನ್ ಐತಿ.”

ಗೌಂಡಿ ಹೇಳಿದ್ದೇ ಸರಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ವಾಸನೆ ಹಿಡಿಯುವ ಶಕ್ತಿಯನ್ನೇ ಮೊದಲು ಕಸಿಯುತ್ತದೆ. ಅಪಾಯ ತಿಳಿಯುವಷ್ಟರಲ್ಲಿ ಮನುಷ್ಯ ಕುಸಿದಿರುತ್ತಾನೆ. ಹೀಗೆ ಜನರನ್ನು ಇಳಿಸುವುದಕ್ಕೆ 2013ರ ಕಾಯ್ದೆಯ ಪ್ರಕಾರ ಶಿಕ್ಷೆಯಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 2014ರಲ್ಲಿ ಸುಪ್ರೀಂ ಕೋರ್ಟ್ ನಿಗದಿಪಡಿಸಿದ್ದ 10 ಲಕ್ಷ ರೂಪಾಯಿ ಪರಿಹಾರವನ್ನು 2023ರಲ್ಲಿ ಅದೇ ಕೋರ್ಟ್ 30 ಲಕ್ಷಕ್ಕೆ ಏರಿಸಿತು. ಮೊತ್ತ ಎಷ್ಟೇ ಇರಲಿ, ಒಂದು ಮನೆಯ ಸಂಡಾಸ ಕಟ್ಟಿತೆಂದು ಇನ್ನೊಂದು ಮನೆಯ ಮಗ ಜೀವ ಕಳೆದುಕೊಳ್ಳುವುದನ್ನು ಯಾವ ಊರೂ ಒಪ್ಪಬಾರದು.

ಮಧ್ಯಾಹ್ನದ ಹೊತ್ತಿಗೆ ಹಳೆಯ ತುಂಡುಗಳೆಲ್ಲ ಗುಂಡಿಯಿಂದ ಹೊರಬಂದಿವೆ. ಸಣ್ಣ ಬೇರುಗಳನ್ನು ಗುದ್ದಲಿಯಿಂದ ಜಗ್ಗದೆ ಕರಗಸದಿಂದ ನೀಟಾಗಿ ಕೊಯ್ದಿದ್ದಾರೆ. ತೋಳುಗಾತ್ರದ ಬೇರೊಂದು ಅಡ್ಡ ಬಂದಿದೆ. ಗಿಡವನ್ನು ಎತ್ತಿ ನಿಲ್ಲಿಸಿರುವ ಅದಕ್ಕೆ ಕೈ ಹಚ್ಚದೆ ಅಡಿಯಿಂದ ದಾರಿ ತೋಡಿದ್ದಾರೆ. ತಳಕ್ಕೆ ಉಸುಕು ಹಾಸಿ, ನಾಲ್ಕಿಂಚಿನ ಪಿವಿಸಿ ಪೈಪು ಇಳಿಸುತ್ತಾರೆ. 40 ಅಡಿಗೆ ಒಂದು ಅಡಿ ಇಳಿಜಾರು, ಇಲ್ಲಿಗೆ ಸುಮಾರು ಅರ್ಧ ಅಡಿ. ಅಂಗಡಿಯಲ್ಲಿ ಈ ಪೈಪು 20 ಅಡಿ ಉದ್ದಕ್ಕೆ ಸಿಗುತ್ತದೆ. ಒಂದೇ ಪೈಪು ಚೇಂಬರಿನಿಂದ ಚೇಂಬರಿಗೆ ಮುಟ್ಟಿತು, ನಡುವೆ ಜಾಯಿಂಟೇ ಇಲ್ಲ. ಎರಡೂ ಬಾಯಿಗೆ ಸಿಮೆಂಟು ಬಿಗಿಯಾಗಿ ಕೂತರೆ ಬೇರಿಗೆ ಪಸೆ ಸಿಗುವುದಿಲ್ಲ. ಕೊಡಲಿ ಹಾಕಿದ್ದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿಗೆ ಅಲೆಯಬೇಕಿತ್ತು. ಗಿಡ ಹೋದರೂ ಸೋರುವ ಪೈಪು ಸೋರುತ್ತಲೇ ಇರುತ್ತಿತ್ತು.

ಹೊಸದಾಗಿ ಸಸಿ ನೆಡುವವರು ಮಾತ್ರ ಪೈಪಿನ ಜಾಡು ನೋಡಿಕೊಂಡೇ ನೆಡಬೇಕು. ಬೇಗ ಹಸಿರಾಗುತ್ತದೆಂದು ಎಲ್ಲೆಡೆ ನೆಟ್ಟ ಕೊನೊಕಾರ್ಪಸ್ ಗಿಡದ ಬೇರು ಕೇಬಲ್ಲು, ಗಟಾರಗಳಿಗೆ ತೊಂದರೆ ಕೊಟ್ಟಿದ್ದೂ ಕಾರಣವಾಗಿ ಗುಜರಾತ್ ಸರಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಆಲ, ಅರಳಿ, ಔದುಂಬರಕ್ಕೆ ಬಯಲು ಬೇಕು. ಪೈಪಿನ ಹತ್ತಿರ ದಾಸವಾಳ, ಕರಿಬೇವು ಸಾಕು.

ಮನೆಯ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಒಂದು ಹಾಳೆಯಲ್ಲಿ ಗೆರೆ ಎಳೆದು ಮನೆಯ ಕಾಗದಪತ್ರದ ಜತೆ ಇಡಿ. ಪ್ರತಿ ವರ್ಷ ಯುಗಾದಿ ಮುಗಿದ ಮೇಲೆ, ಮಳೆಗೆ ಮುಂಚೆ, ಚೇಂಬರಿನ ಮುಚ್ಚಳ ತೆಗೆಸಿ ಒಂದು ಬಕೆಟ್ ನೀರು ಬಿಟ್ಟು ನೋಡಿ. ಹರಿವು ತಡೆದರೆ ಅಂದೇ ಗೌಂಡಿಯನ್ನು ಕರೆಸಿ. ಆಗ ಗಿಡವನ್ನೂ ಕಡಿಯಬೇಕಾಗುವುದಿಲ್ಲ, ಮನುಷ್ಯನನ್ನೂ ಇಳಿಸಬೇಕಾಗುವುದಿಲ್ಲ.