ಮಾರಿಯೋಗೂ ಶರಾವತಿಗೂ ಏನು ಸಂಬಂಧ?

ಈಗಿನ ಮಕ್ಕಳ ಮೊಬೈಲ್ ಆಟಕ್ಕೆ ಒಂದು ಅನುಕೂಲ ಇದೆ. ಇವತ್ತು ಬಿಟ್ಟು ಎದ್ದರೆ ನಾಲ್ಕು ದಿನ ಕಳೆದು ಅಲ್ಲಿಂದಲೇ ಮುಂದುವರಿಸಬಹುದು. 1995ರ ಸುಮಾರಿಗೆ ನನ್ನ ಮಗ ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮ್ ಪೆಟ್ಟಿಗೆಗೆ ಆ ನೆನಪಿನ ಶಕ್ತಿ ಇರಲಿಲ್ಲ. ಕರೆಂಟು ಹೋಯಿತೆಂದರೆ ಆಟವೂ ಹೋಯಿತು. ಸೂಪರ್ ಮಾರಿಯೋದಲ್ಲಿ ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ 32 ಹಂತ. ಮೂವತ್ತನೆಯದರಲ್ಲಿ ಕರೆಂಟು ಕೈಕೊಟ್ಟರೂ ಮತ್ತೆ ಮೊದಲಿನಿಂದಲೇ ಶುರು.

ನಮ್ಮ ಮನೆ ಹೊನ್ನೆಮರಡುವಿನಲ್ಲಿ, ಲಿಂಗನಮಕ್ಕಿ ಹಿನ್ನೀರಿನ ದಂಡೆಯಲ್ಲಿ. 1964ರಲ್ಲಿ ಅಣೆಕಟ್ಟು ಮುಗಿದಾಗ ನನಗೆ 13 ವರ್ಷ. ತೋಟ ಗದ್ದೆ ನೀರಿಗೆ ಹೋಯಿತು, ಮನೆ ಗುಡ್ಡ ಹತ್ತಿತು. ಆ ನೀರಿನ ಕರೆಂಟು ನಾಡಿಗೆಲ್ಲ ಹರಿದು, ನಮ್ಮ ಮನೆಗೆ ಬರುವಾಗ ಬಹಳ ವರ್ಷ ಕಳೆದಿತ್ತು. ಬಂದ ಮೇಲೂ ನೆಂಟರ ಹಾಗೆ, ಬರುವುದೂ ಹೋಗುವುದೂ ಅದರ ಇಷ್ಟ.

ಹಾಗಾಗಿ ಮಗನಿಗೆ ಒಂದು ಅಭ್ಯಾಸ ಬಿತ್ತು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಪತ್ರಿಕೆಯಲ್ಲಿ ದಿನದ ಮಟ್ಟ ಬರುತ್ತದಲ್ಲ, ಅದನ್ನು ಅವನು ಕ್ರಿಕೆಟ್ ಸ್ಕೋರಿಗಿಂತ ಮೊದಲು ಓದುತ್ತಿದ್ದ. ನೀರು ಇಳಿದಷ್ಟೂ ಲೋಡ್ ಶೆಡ್ಡಿಂಗ್ ಜಾಸ್ತಿ, ಮಾರಿಯೋನ ಆಯುಷ್ಯ ಕಡಿಮೆ. ಪೇಪರ್ ಬಾರದ ದಿನ ದಂಡೆಗೆ ಓಡಿ ಹೋಗಿ, ನೀರು ಎಷ್ಟು ಹಿಂದೆ ಸರಿದಿದೆ ಎಂದು ನೋಡಿಕೊಂಡು ಬರುತ್ತಿದ್ದ. ‘ಅಪ್ಪಾ, ಇವತ್ತು ನಾಲ್ಕನೇ ಲೋಕದ ತನಕ ಹೋಗಬಹುದು’ ಎಂದು ಅಂದಾಜು ಹೇಳುತ್ತಿದ್ದ. ಹೆಚ್ಚು ಕಡಿಮೆ ಸರಿಯೇ ಇರುತ್ತಿತ್ತು.

ಪೆಟ್ಟಿಗೆಯನ್ನು ನಾನು ಬ್ಯಾಂಕಿನ ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ತಂದದ್ದು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಬಿಟ್ಟ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಅದು. ಲಿಟಲ್ ಮಾಸ್ಟರ್, ಮೀಡಿಯಾ ಅಂತೆಲ್ಲ ಹೆಸರಿನವು ಆಗ ನಮ್ಮ ದೇಶದ ತುಂಬ ಇದ್ದವು. ನಿಂಟೆಂಡೊ ಎಂಬ ಹೆಸರು ನಾವು ಕೇಳಿದ್ದು ಎಷ್ಟೋ ವರ್ಷದ ಮೇಲೆ.

ಜೊತೆಗೆ ಕೊಟ್ಟ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಅಚ್ಚಾಗಿತ್ತು. ಬ್ಯಾಂಕಿನ ಗುಮಾಸ್ತನಿಗೆ ಅಂಥ ಅಂಕಿ ಕಂಡರೆ ಟ್ಯಾಲಿ ಮಾಡದೆ ನಿದ್ದೆ ಬರುವುದಿಲ್ಲ. ಹಳೆಯ ಖಾಲಿ ಲೆಡ್ಜರ್ ಒಂದರಲ್ಲಿ ಗೆರೆ ಹಾಕಿ, ಭಾನುವಾರ ಭಾನುವಾರ ಅಪ್ಪ ಮಗ ಕೂತು ಒಂದೊಂದೇ ಹೆಸರು ಬರೆದೆವು. ಕೆಲವು ಪುಟ ದಾಟುವುದರೊಳಗೆ ಅವೇ ಆಟಗಳು ಬೇರೆ ಬೇರೆ ನಂಬರಿನಲ್ಲಿ ತಿರುಗಿ ಬರತೊಡಗಿದವು. ನಿಜವಾಗಿ ಬೇರೆಯಾದವು 23! ಉಳಿದದ್ದೆಲ್ಲ ಬೋಗಸ್ ಎಂಟ್ರಿ. ಮಗ ನಕ್ಕು ನಕ್ಕು ಉರುಳಾಡಿದ. ಅವನು ನನ್ನ ಕೆಲಸವನ್ನು ಮೊದಲ ಸಲ ಮೆಚ್ಚಿದ್ದು ಅವತ್ತೇ ಇರಬೇಕು.

ಕಂಪ್ಯೂಟರ್ ಆಟ ನಾನು ಅದಕ್ಕೂ ಹತ್ತು ವರ್ಷ ಹಿಂದೆ ನೋಡಿದ್ದೆ. ರಂಗರಾಜನ್ ಸಮಿತಿ 1984ರಲ್ಲಿ ಬ್ಯಾಂಕಿಗೆ ಯಂತ್ರ ಬರಲಿ ಎಂದು ವರದಿ ಕೊಟ್ಟು, ನಾವು ಯೂನಿಯನ್ನಿನವರು ಗೇಟಿನಲ್ಲಿ ಘೋಷಣೆ ಕೂಗುತ್ತಿದ್ದ ಕಾಲ. ಅದೇ ಕಾಲದಲ್ಲಿ ಒಬ್ಬ ಸಹೋದ್ಯೋಗಿಯ ಮನೆಯಲ್ಲಿ ಸ್ಪೆಕ್ಟ್ರಮ್ ಎಂಬ ಇಂಗ್ಲೆಂಡಿನ ಪುಟ್ಟ ಕಂಪ್ಯೂಟರ್ ಇತ್ತು. ಜ್ಞಾಪಕಶಕ್ತಿ 48 ಕಿಲೋಬೈಟ್. ಆಟ ಇರುವುದು ಹಾಡು ಕೇಳುವ ಟೇಪಿನಲ್ಲೇ. ಟೇಪ್ ರೆಕಾರ್ಡರ್ ಒತ್ತಿದರೆ ಐದು ನಿಮಿಷ ಕರ್ಕಶವಾಗಿ ಕಿರುಚಿ, ಆಮೇಲೆ ಆಟ ಬರುತ್ತಿತ್ತು. ನಡುವೆ ಟೇಪು ಎಳೆದರೆ ಮತ್ತೆ ಐದು ನಿಮಿಷ. ಘೋಷಣೆ ಕೂಗಿ ಬಂದ ನಾವು ನಾಲ್ವರು ಆ ಕಿರುಚಾಟದ ಮುಂದೆ ಕಾಫಿ ಹಿಡಿದು ಭಕ್ತಿಯಿಂದ ಕೂತಿರುತ್ತಿದ್ದೆವು.

ಆಗಿನವರ ಮಿತವ್ಯಯ ನೋಡಬೇಕು. 1985ರ ಸೂಪರ್ ಮಾರಿಯೋ ಇಡೀ ಆಟ 40 ಕಿಲೋಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋದ ಸಣ್ಣ ಚೂರಿನಷ್ಟು ಜಾಗ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಮಕ್ಕಳೇ, ಬೇಕಾದರೆ ನೋಡಿ.

ಹೋದ ವರ್ಷ ಮೊಮ್ಮಗ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದ. ಬಾತುಕೋಳಿಗೆ ಗುಂಡು ಹೊಡೆಯುವ ಪ್ಲಾಸ್ಟಿಕ್ ಬಂದೂಕೂ ಇತ್ತು. ಹೊಸ ಚಪ್ಪಟೆ ಟಿ.ವಿ.ಗೆ ಜೋಡಿಸಿದರೆ ಆಟ ಬಂತು, ಬಾತುಕೋಳಿ ಮಾತ್ರ ಒಂದೂ ಬೀಳಲಿಲ್ಲ. ಕಾರಣ ಇದು. ಗುಂಡು ಬಂದೂಕಿನಿಂದ ಹೋಗುವುದಿಲ್ಲ, ಬೆಳಕು ಟಿ.ವಿ.ಯಿಂದ ಬಂದೂಕಿಗೆ ಬರುತ್ತದೆ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತದೆ. ನಳಿಗೆಯೊಳಗಿನ ಕಣ್ಣಿಗೆ ಅದು ಕಂಡರೆ ಗುರಿ ತಾಗಿತು. ಹಳೆಯ ಡಬ್ಬಾ ಟಿ.ವಿ. ಚಿತ್ರವನ್ನು ಆ ಕ್ಷಣವೇ ಬಿಡಿಸುತ್ತಿತ್ತು. ಹೊಸದು ಸ್ವಲ್ಪ ಯೋಚಿಸಿ ತೋರಿಸುತ್ತದೆ, ಅಷ್ಟರಲ್ಲಿ ಬಂದೂಕು ಕಣ್ಣು ಮುಚ್ಚಿರುತ್ತದೆ. ಸಾಗರದ ಗುಜರಿಯಿಂದ ಒಂದು ಡಬ್ಬಾ ಟಿ.ವಿ. ತಂದೆವು. ಸೊಸೆಗೆ ಅಷ್ಟೇನೂ ಖುಷಿ ಆದಂತಿಲ್ಲ.

ಅಟ್ಟದ ಅದೇ ರಟ್ಟಿನ ಪೆಟ್ಟಿಗೆಯಲ್ಲಿ ಅಮ್ಮನ ಬ್ರಿಕ್ ಗೇಮ್ ಸಿಕ್ಕಿತು. ಅಂಗೈಯಗಲದ್ದು, ಶೆಲ್ ಹಾಕಿ ಆಡುವಂಥದು, ಕರೆಂಟಿನ ಹಂಗಿಲ್ಲ. ರಷ್ಯಾದ ಅಲೆಕ್ಸಿ ಪಜಿತ್ನೊವ್ 1984ರಲ್ಲಿ ಮಾಡಿದ ಟೆಟ್ರಿಸ್‌ನ ನಕಲು ಅದರಲ್ಲಿ ಇರುತ್ತಿತ್ತು. ಮಗ ಬೇಸತ್ತು ಬಿಟ್ಟದ್ದನ್ನು ಅಮ್ಮ ಎತ್ತಿಕೊಂಡಳು. ಆಗ ಅವಳಿಗೆ 70 ದಾಟಿತ್ತು. ಚೆನ್ನೆಮಣೆ ಆಡಿದ ಬೆರಳು, ಬೇಗ ಕಲಿತಳು. ಮೇಲಿನಿಂದ ಇಟ್ಟಿಗೆ ಬೀಳುತ್ತವೆ, ಸಂದು ಬಿಡದೆ ಜೋಡಿಸಬೇಕು. ಒಂದು ಸಾಲು ತುಂಬಿದರೆ ಮಾಯವಾಗುತ್ತದೆ.

ಅಮ್ಮ ಹಿನ್ನೀರಿನ ದಂಡೆಗೆ ಇಳಿದವಳೇ ಅಲ್ಲ. ಮಳೆ ಕಡಿಮೆಯಾದ ವರ್ಷ ನೀರು ತಳ ಸೇರಿ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದಾಗ ಊರಿಗೆ ಊರೇ ನೋಡಲು ಹೋಗುತ್ತಿತ್ತು. ಅವಳು ಹೋಗಲಿಲ್ಲ, ಜಗಲಿಯಲ್ಲಿ ಕೂತು ಇಟ್ಟಿಗೆ ಜೋಡಿಸುತ್ತಿದ್ದಳು. ‘ಅದರಲ್ಲಿ ಎಂಥ ರುಚಿ ಅಮ್ಮ?’ ಎಂದು ಒಮ್ಮೆ ಕೇಳಿದೆ.

‘ಇಲ್ಲಿ ತುಂಬಿದ್ದು ಜಾಗ ಬಿಟ್ಟು ಕೊಡ್ತದಲ್ಲ ಮಾರಾಯ’ ಎಂದಳು, ಕಣ್ಣೆತ್ತದೆ.

ಶೆಲ್ ಬದಲಿಸಿದರೆ ಆ ಆಟದ ಅಂಕವೆಲ್ಲ ಅಳಿಸಿ ಹೋಗುತ್ತದೆ. ಅದಕ್ಕೇ ಪ್ರತಿ ಸಲ ಶೆಲ್ ತೆಗೆಯುವ ಮುಂಚೆ ನನ್ನನ್ನು ಕರೆದು, ತನ್ನ ಅಂಕವನ್ನು 23 ಆಟಗಳ ಆ ಲೆಡ್ಜರಿನ ಕೊನೆಯ ಪುಟದಲ್ಲಿ ಬರೆಸುತ್ತಿದ್ದಳು. ಕೊನೆಯ ಎಂಟ್ರಿ 1999ರ ಮಳೆಗಾಲದ್ದು: 8,700.

ಮೊಮ್ಮಗನಿಗೆ ಆ ಪುಟ ತೋರಿಸಿದ್ದೇನೆ. ಈ ಬೇಸಿಗೆ ರಜೆಯಲ್ಲಿ ಅವನು 6,200ರ ತನಕ ಬಂದಿದ್ದಾನೆ.